ಚೋಮನಿಗಾಗಿ ಅತ್ತವರು ಕೊಟ್ಟದ್ದೇನು?

ಶಿವರಾಮ ಕಾರಂತರ ಕಾದಂಬರಿ ‘ಚೋಮನ ದುಡಿ’ ಪ್ರಕಟವಾದದ್ದು 1933ರಲ್ಲಿ. ಅಂದಿನಿಂದ ಇಂದಿನವರೆಗೆ ತಲೆಮಾರಿನ ಮೇಲೆ ತಲೆಮಾರು ಅದನ್ನು ಓದಿದೆ, ಓದಿ ಅತ್ತಿದೆ, ಮಕ್ಕಳಿಗೆ ಪಾಠ ಹೇಳಿದೆ. ಬಿ.ವಿ. ಕಾರಂತರು 1975ರಲ್ಲಿ ಅದನ್ನು ಸಿನಿಮಾ ಮಾಡಿದಾಗ ಸ್ವರ್ಣಕಮಲ ಬಂತು. ಚೋಮನ ಪಾತ್ರ ಮಾಡಿದ ಎಂ.ವಿ. ವಾಸುದೇವರಾವ್ ಅವರಿಗೆ ದೇಶದ ಶ್ರೇಷ್ಠ ನಟ ಪ್ರಶಸ್ತಿ ಬಂತು. ಇಷ್ಟೆಲ್ಲ ಬಂದ ಮೇಲೆ ಒಂದು ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಬೇಕಾಗಿದೆ. ಚೋಮ ಯಾರ ಕಣ್ಣೀರನ್ನೂ ಕೇಳಿರಲಿಲ್ಲ. ಅವನು ಕೇಳಿದ್ದು ಸ್ವಂತಕ್ಕೆ ಉತ್ತು ಬಿತ್ತಲು ಒಂದು ತುಂಡು ಗದ್ದೆ. ಅದು ಅವನ ಮಕ್ಕಳು ಮೊಮ್ಮಕ್ಕಳಿಗಾದರೂ ಸಿಕ್ಕಿತೇ?

ಬಹುಪಾಲು ಮಂದಿಗೆ ಸಿಕ್ಕಿಲ್ಲ. ಸಿಕ್ಕಿಲ್ಲವೆಂಬುದು ನಮ್ಮ ನಿದ್ದೆಯನ್ನೂ ಕೆಡಿಸಿಲ್ಲ. ಈ ಬರಹ ಆ ನೆಮ್ಮದಿಯ ವಿರುದ್ಧ. ಜಾತಿಯನ್ನು ಎದೆತಟ್ಟಿ ಸಮರ್ಥಿಸುವವರ ಜೊತೆಗಿನ ಜಗಳ ಬೇರೆಯೇ ಇದೆ. ಇಲ್ಲಿ ನನ್ನ ಮಾತು ಓದುವವರ ಜೊತೆ, ಬರೆಯುವವರ ಜೊತೆ, ಪಾಠ ಹೇಳುವವರ ಜೊತೆ, ವಚನಗಳನ್ನು ಬಾಯಿಪಾಠ ಮಾಡಿಕೊಂಡವರ ಜೊತೆ, ಸಮ್ಮೇಳನಗಳ ಮುಂದಿನ ಸಾಲಿನಲ್ಲಿ ಕೂರುವವರ ಜೊತೆ. ನಾವು ಒಂದು ಕೆಟ್ಟ ಚಾಳಿಗೆ ಬಿದ್ದಿದ್ದೇವೆ. ಇನ್ನೊಬ್ಬರ ಸಂಕಟವನ್ನು ಮೊದಲು ಸಾಹಿತ್ಯವೆಂದು ಮೆಚ್ಚುತ್ತೇವೆ. ಆ ಸಾಹಿತ್ಯವನ್ನು ಆಮೇಲೆ ಪರಂಪರೆಯೆನ್ನುತ್ತೇವೆ. ಕೊನೆಗೆ ಆ ಪರಂಪರೆಯನ್ನು ನಮ್ಮದೇ ಹಿರಿಮೆಯೆಂದು ಹೊತ್ತು ಮೆರೆಸುತ್ತೇವೆ. ಓದುವಾಗ ಮನಸ್ಸು ಕಲಕಿತಲ್ಲ, ನಮ್ಮ ಪಾಲಿನ ಕೆಲಸ ಮುಗಿಯಿತು ಎಂದು ಪುಸ್ತಕ ಮುಚ್ಚುತ್ತೇವೆ. ಸಂಕಟಪಟ್ಟವನಿಗೆ ಸಲ್ಲಬೇಕಾದದ್ದು ಮಾತ್ರ ಸಲ್ಲದೆ ಉಳಿಯುತ್ತದೆ.

ಪುಸ್ತಕದೊಳಗಿನ ನೋವನ್ನು ಹಿಂದಿನ ಕಾಲಕ್ಕೆ ಕಟ್ಟಿಹಾಕಿಬಿಡುವುದು ಈ ಚಾಳಿಯ ಮೊದಲ ಲಕ್ಷಣ. ಚೋಮನ ಮಗ ನೀಲ ನೀರಿನಲ್ಲಿ ಮುಳುಗಿ ಸಾಯುತ್ತಾನೆ. ದಡದಲ್ಲಿ ಜನರಿಲ್ಲವೆಂದಲ್ಲ. ಇದ್ದಾರೆ, ನೋಡುತ್ತಾರೆ. ಹೊಲೆಯರ ಮಗುವೆಂಬ ಒಂದೇ ಕಾರಣಕ್ಕೆ ಯಾವ ಕೈಯೂ ಮುಂದೆ ಬರುವುದಿಲ್ಲ. ಈ ಪುಟವನ್ನು ಓದಿಸಿದ ಮೇಲೆ ಹೆಚ್ಚಿನ ತರಗತಿಗಳಲ್ಲಿ ಬರುವ ಮಾತು, ಆ ಕಾಲದಲ್ಲಿ ಹಾಗಿತ್ತು ಎಂಬುದು. ಮಕ್ಕಳು ಅದನ್ನೇ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಅದನ್ನೇ ಬರೆದು ಅಂಕ ಪಡೆಯುತ್ತಾರೆ.

ಹಾಗಾದರೆ ಈಚಿನ ಕಾಲದ ಲೆಕ್ಕ ಒಪ್ಪಿಸೋಣ. 2021ರ ಸೆಪ್ಟೆಂಬರ್‌ನಲ್ಲಿ ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ಆಂಜನೇಯನ ಗುಡಿಯೊಳಕ್ಕೆ ಓಡಿತು. ಗುಡಿ ಶುದ್ಧಿ ಮಾಡಬೇಕು, 25,000 ರೂಪಾಯಿ ಕೊಡಿ ಎಂದು ಊರ ಹಿರಿಯರು ಮಗುವಿನ ತಂದೆತಾಯಿಗೆ ಹೇಳಿದರು. 2022ರ ಸೆಪ್ಟೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಉತ್ಸವದ ದೇವರ ಕೋಲು ಮುಟ್ಟಿದ ಹುಡುಗನ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ಅದೇ ವರ್ಷದ ನವೆಂಬರ್‌ನಲ್ಲಿ ಚಾಮರಾಜನಗರದ ಹೆಗ್ಗೋಠಾರದಲ್ಲಿ ದಲಿತ ಮಹಿಳೆಯೊಬ್ಬರು ತೊಂಬೆಯ ನೀರು ಕುಡಿದರೆಂದು ತೊಂಬೆಯಲ್ಲಿದ್ದ ನೀರನ್ನೆಲ್ಲ ಹೊರಬಿಟ್ಟು ಗೋಮೂತ್ರದಿಂದ ತೊಳೆದರು. ಸರ್ಕಾರ ಕಟ್ಟಿಸಿದ ತೊಂಬೆ, ಸಾರ್ವಜನಿಕರ ನೀರು, ಸಂವಿಧಾನದ 17ನೇ ವಿಧಿ ಜಾರಿಯಾಗಿ 72 ವರ್ಷ ಕಳೆದ ಮೇಲಿನ ಕಥೆ ಇದು.

ಇವೆಲ್ಲ ಪತ್ರಿಕೆಗೆ ಬಂದವು, ಪೊಲೀಸರವರೆಗೆ ಹೋದವು. ಬಾರದೆ ಹೋದವು ಪ್ರತಿ ತಾಲ್ಲೂಕಿನಲ್ಲೂ ಇವೆ. ಊರ ಹೋಟೆಲಿನಲ್ಲಿ ಬೇರೆ ಲೋಟ, ಕ್ಷೌರದಂಗಡಿಯಲ್ಲಿ ಇಲ್ಲವೆನ್ನುವ ಉತ್ತರ, ಹೆಣ ಹೂಳಲು ಜಾಗವಿಲ್ಲದೆ ಕೆರೆಯಂಚಿಗೋ ರಸ್ತೆಬದಿಗೋ ಹೊತ್ತೊಯ್ಯುವ ಕೇರಿ: ಇವು ಯಾವ ಕಾದಂಬರಿಯಿಂದಲೂ ಎತ್ತಿಕೊಂಡವಲ್ಲ. ಹೀಗಿರುವಾಗ ನೀಲನ ಸಾವನ್ನು ಹಳೆಯ ಕಾಲದ್ದೆಂದು ಮಕ್ಕಳಿಗೆ ಹೇಳುವ ಮೇಷ್ಟ್ರು ಸುಳ್ಳು ಹೇಳುತ್ತಿದ್ದಾರೆ. ಅದೂ ಆ ತರಗತಿಯಲ್ಲೇ ಕುಳಿತಿರುವ, ಊರ ತೊಂಬೆಯನ್ನು ಮುಟ್ಟಬಾರದೆಂದು ಮನೆಯಲ್ಲಿ ಹೇಳಿಸಿಕೊಂಡು ಬಂದಿರುವ ಮಗುವಿನ ಮುಂದೆ. ಆ ಮಗುವಿಗೆ ಗೊತ್ತು ಮೇಷ್ಟ್ರು ಹೇಳುತ್ತಿರುವುದು ಸುಳ್ಳೆಂದು. ಸತ್ಯ ಹೇಳುವ ಧೈರ್ಯ ಮೇಷ್ಟ್ರಿಗಿಲ್ಲವೆಂದೂ ಅದು ಅವತ್ತೇ ಕಲಿಯುತ್ತದೆ.

ಕೃತಿಯ ಅಂದವನ್ನು ಹೊಗಳುತ್ತ ಕೃತಿ ಎತ್ತಿದ ಪ್ರಶ್ನೆಯಿಂದ ಜಾರಿಕೊಳ್ಳುವುದು ಎರಡನೆಯ ಲಕ್ಷಣ. ಚೋಮನ ಪಾತ್ರಪೋಷಣೆ, ದುಡಿಯ ಸಂಕೇತ, ದುರಂತದ ಸ್ವರೂಪ ಎಂದೆಲ್ಲ ಬರೆದವರು ಅವನ ಬೇಡಿಕೆಯ ಬೆನ್ನು ಹತ್ತಿ ಎಷ್ಟು ದೂರ ಹೋದರು? ಚೋಮ ಸಂಕಪ್ಪಯ್ಯನ ಮೂಲದ ಆಳು. ಅವನ ಹತ್ತಿರ ಸಾಕಿದ ಜೋಡಿ ಎತ್ತುಗಳಿದ್ದವು, ತೋಳಿನಲ್ಲಿ ಬಲವಿತ್ತು. ಇಲ್ಲದ್ದು ನೆಲ ಮಾತ್ರ. ಗೇಣಿಗಾದರೂ ಗದ್ದೆ ಕೊಡಿ ಎಂದು ಧಣಿಯ ಅಂಗಳದಲ್ಲಿ ನಿಂತ. ಧಣಿಯ ಮನಸ್ಸು ಒಂದು ಗಳಿಗೆ ಕರಗಿದರೂ ಧಣಿಯ ತಾಯಿ ಒಪ್ಪಲಿಲ್ಲ. ಹೊಲೆಯನಿಗೆ ಬೇಸಾಯ ಕೂಡದೆಂಬುದು ಊರ ಕಟ್ಟಳೆ.

ಈಗ ಚರಿತ್ರೆಯತ್ತ ತಿರುಗಿ ನೋಡಿ. ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಉಳುವವನೇ ಹೊಲದೊಡೆಯ ಎಂಬ ಘೋಷಣೆ ಊರೂರಿಗೆ ಮುಟ್ಟಿತು. ಗೇಣಿದಾರರು ಅರ್ಜಿ ಹಾಕಿದರು, ಭೂನ್ಯಾಯ ಮಂಡಳಿಗಳ ಮುಂದೆ ನಿಂತರು, ಲಕ್ಷಾಂತರ ಕುಟುಂಬಗಳು ನೆಲದ ಒಡೆತನ ಪಡೆದವು. ಕರಾವಳಿಯ ಚಹರೆಯೇ ಅದರಿಂದ ಬದಲಾಯಿತು. ಸ್ವಾತಂತ್ರ್ಯದ ನಂತರ ಕರ್ನಾಟಕ ಮಾಡಿದ ದೊಡ್ಡ ಕೆಲಸಗಳಲ್ಲಿ ಅದು ಒಂದು. ಅದನ್ನು ಕಡೆಗಣಿಸುವವರು ಕೃತಘ್ನರು. ಆದರೆ ಆ ಕಾಯ್ದೆ ಒಡೆತನ ಕೊಟ್ಟದ್ದು ಗೇಣಿದಾರನಿಗೆ. ಗೇಣಿಯನ್ನೇ ಕೊಡದೆ ಅಂಗಳದಿಂದ ಹಿಂದಕ್ಕೆ ಕಳಿಸಿದ ಆಳು ಗೇಣಿದಾರನೆಂದು ಹೇಗೆ ಅರ್ಜಿ ಹಾಕಿಯಾನು? ಹೊಲದಲ್ಲಿ ನಿಜವಾಗಿ ಮೈಬಗ್ಗಿಸಿ ದುಡಿದ ಕೃಷಿಕೂಲಿಗೆ ಹೆಚ್ಚಿನ ಕಡೆ ಸಿಕ್ಕಿದ್ದು ಅವನ ಗುಡಿಸಲು ನಿಂತ ನೆಲದ ಹಕ್ಕು ಮಾತ್ರ. ಜೀತ ರದ್ದುಮಾಡುವ ಸುಗ್ರೀವಾಜ್ಞೆ 1975ರ ಅಕ್ಟೋಬರ್‌ನಲ್ಲಿ ಹೊರಟಿತು, ಮರುವರ್ಷ ಅದು ಕಾಯ್ದೆಯಾಯಿತು. ಸಾಲದ ಪತ್ರ ಹರಿಯಿತು, ನಿಜ. ಜೀತದಿಂದ ಹೊರಬಂದವನ ಕಾಲಿನ ಕೆಳಗೆ ಸ್ವಂತ ನೆಲ ಬರಲಿಲ್ಲ.

ಸರ್ಕಾರ ದರಖಾಸ್ತು ಮೂಲಕ ದಲಿತರಿಗೆ ಕೊಟ್ಟ ಚೂರುಪಾರು ಜಮೀನೂ ಬಲಿಷ್ಠರ ಕೈಗೆ ಜಾರುತ್ತಿದೆಯೆಂದು ಗೊತ್ತಾಗಿ, ಅದರ ಪರಭಾರೆ ತಡೆಯಲು 1978ರಲ್ಲಿ ಕಾಯ್ದೆ ಬಂತು. ಕಳೆದುಕೊಂಡವರು ಜಮೀನು ಮರಳಿ ಪಡೆಯಲು ಕೋರ್ಟು ಕಚೇರಿ ಅಲೆದರು. 2017ರಲ್ಲಿ ಸುಪ್ರೀಂ ಕೋರ್ಟು, ಇಂಥ ಅರ್ಜಿಗಳು ಸಮಂಜಸವಾದ ಅವಧಿಯೊಳಗೆ ಬರಬೇಕೆಂದಿತು. ತಡವಾಯಿತೆಂದು ಎಷ್ಟೋ ಅರ್ಜಿಗಳು ಬಿದ್ದುಹೋದವು. ದಲಿತ ಸಂಘಟನೆಗಳು ಬೀದಿಗಿಳಿದು ಹೋರಾಡಿದ ಮೇಲೆ, 2023ರಲ್ಲಿ, ಕಾಲಮಿತಿ ಅನ್ವಯಿಸದೆಂದು ಶಾಸನಸಭೆ ತಿದ್ದುಪಡಿ ಮಾಡಿತು. ಇತ್ತ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿ, ಹಣವಿರುವ ಯಾರು ಬೇಕಾದರೂ ಕೃಷಿಭೂಮಿ ಕೊಳ್ಳಬಹುದೆಂದು ಮಾಡಲಾಯಿತು.

‘ಚೋಮನ ದುಡಿ’ಯ ಮುಂದಿನ ಅಧ್ಯಾಯಗಳು ಇವು. ಬರೆದವರು ಶಾಸಕರು, ತಹಶೀಲ್ದಾರರು, ವಕೀಲರು, ನ್ಯಾಯಾಧೀಶರು. ಚೋಮನಿಗಾಗಿ ಅಳುವ ಓದುಗರಲ್ಲಿ ಎಷ್ಟು ಮಂದಿ ಇವನ್ನು ಓದಿದ್ದಾರೆ? ಕಾದಂಬರಿಯ ಕೊನೆಯ ಪುಟ ಬಾಯಲ್ಲಿರುವವರಿಗೆ ತಮ್ಮದೇ ಹೋಬಳಿಯಲ್ಲಿ ದಲಿತರಿಗೆ ಮಂಜೂರಾದ ಜಮೀನು ಇಂದು ಯಾರ ಪಹಣಿಯಲ್ಲಿದೆಯೆಂದು ಗೊತ್ತಿಲ್ಲದಿದ್ದರೆ ಆ ಓದು ಓದೇ ಅಲ್ಲ. ಕಥೆಯ ಚೋಮನಿಗೆ ಮರುಗುವುದು ಸುಲಭ. ಅವನು ಎದ್ದುಬಂದು ಏನನ್ನೂ ಕೇಳುವುದಿಲ್ಲ. ನಾಡಕಚೇರಿಯ ಮುಂದೆ ಕಾಗದ ಹಿಡಿದು ನಿಂತವನು ಕೇಳುತ್ತಾನೆ. ಆದ್ದರಿಂದಲೇ ಅವನ ಕಡೆ ನಾವು ತಿರುಗಿಯೂ ನೋಡುವುದಿಲ್ಲ.

ಮೂರನೆಯ ಲಕ್ಷಣ ಪಟ ತೂಗುಹಾಕುವುದು. 2024ರ ಜನವರಿಯಲ್ಲಿ ಕರ್ನಾಟಕ ಸರ್ಕಾರ ಬಸವಣ್ಣನವರನ್ನು ನಾಡಿನ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಕಚೇರಿಗಳಲ್ಲಿ ಭಾವಚಿತ್ರ ಬಂತು. ಸಂತೋಷ. ಆದರೆ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ನಡೆದದ್ದೇನು ಎಂಬುದನ್ನು ಆ ಪಟದ ಕೆಳಗೆ ನಿಂತು ಒಮ್ಮೆ ನೆನೆಯಬೇಕು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ಮದುವೆಯಾಯಿತು. ಅದಕ್ಕಾಗಿ ಇಬ್ಬರು ತಂದೆಯರನ್ನು ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಪರಂಪರೆ ಹೇಳುತ್ತದೆ. ಶರಣರು ದಿಕ್ಕುಪಾಲಾದರು, ಬಿಜ್ಜಳ ಕೊಲೆಯಾದ, ಕಲ್ಯಾಣ ಉರಿಯಿತು. ಲಂಕೇಶರ ‘ಸಂಕ್ರಾಂತಿ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’, ಗಿರೀಶ ಕಾರ್ನಾಡರ ‘ತಲೆದಂಡ’ ಇದೇ ಗಾಯವನ್ನು ಮತ್ತೆ ಮತ್ತೆ ಮುಟ್ಟಿ ನೋಡಿದ ನಾಟಕಗಳು. ಅಂದರೆ ಶರಣರು ತಮ್ಮ ಮಾತನ್ನು ಮನೆಯ ಮಕ್ಕಳ ಮದುವೆಯವರೆಗೆ ಒಯ್ದರು. ಅದರ ಬೆಲೆಯನ್ನು ಪ್ರಾಣದಲ್ಲಿ ತೆತ್ತರು.

ಇಂದು ಆ ಶರಣರ ಹೆಸರೆತ್ತುವ ಮನೆಗಳಲ್ಲಿ ಮದುವೆಯ ಮಾತು ಬಂದಾಗ ಮೊದಲು ಕೇಳುವುದೇನು? ಜಾತಿ. ಆಮೇಲೆ ಒಳಪಂಗಡ. ಪತ್ರಿಕೆಗಳ ವಧೂವರರ ಅಂಕಣ ನೋಡಿ. ವಚನ ಸಾಹಿತ್ಯದ ಎಂಟುನೂರೈವತ್ತು ವರ್ಷಗಳು ಆ ಅಂಕಣದೊಳಕ್ಕೆ ಕಾಲಿಟ್ಟಿಲ್ಲ. ಭಾಷಣದಲ್ಲಿ ಬಸವಣ್ಣ, ಬಾಡಿಗೆ ಮನೆ ಕೊಡುವಾಗ ಜಾತಿಯ ವಿಚಾರಣೆ. ವೇದಿಕೆಯಲ್ಲಿ ಇವ ನಮ್ಮವನೆಂಬ ಭಾವ, ಮನೆಗೆಲಸದವಳಿಗೆ ಹಿತ್ತಲಲ್ಲಿ ಬೇರೆ ಲೋಟ. 2019ರ ನವೆಂಬರ್‌ನಲ್ಲಿ ಗದಗ ಜಿಲ್ಲೆಯ ಲಕ್ಕಲಕಟ್ಟಿಯಲ್ಲಿ, ಜಾತಿ ಮೀರಿ ಮದುವೆಯಾಗಿದ್ದ ಗಂಡಹೆಂಡಿರನ್ನು ಹುಡುಗಿಯ ಮನೆಯವರೇ ಕೊಂದರು. 2025ರ ಜನವರಿಯಲ್ಲಿ ಗದಗದ ನ್ಯಾಯಾಲಯ ನಾಲ್ವರಿಗೆ ಮರಣದಂಡನೆ ವಿಧಿಸಿತು. ಹರಳಯ್ಯನ ಮಗ, ಮಧುವರಸನ ಮಗಳು ಈಗಲೂ ನಮ್ಮ ಜಿಲ್ಲೆಗಳಲ್ಲಿದ್ದಾರೆ. ಅವರನ್ನು ಎಳೆಸುವ ಕೈಗಳೂ ಇವೆ. ವೈದ್ಯರು ಬರೆದುಕೊಟ್ಟ ಚೀಟಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗಿದರೆ ಜ್ವರ ಇಳಿಯುವುದಿಲ್ಲ. ವಚನಗಳೊಂದಿಗೆ ನಾವು ಮಾಡಿರುವುದು ಅಷ್ಟೇ.

ನಾಲ್ಕನೆಯದು, ಕಾನೂನು ಬಂದಿದೆಯಲ್ಲ ಎಂದು ಕೈತೊಳೆದುಕೊಳ್ಳುವುದು. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ಮೈಸೂರು ಸಂಸ್ಥಾನ 1894ರಷ್ಟು ಹಿಂದೆಯೇ ನಿಷೇಧಿಸಿತು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರಲ್ಲಿ ವಿಧವೆಯ ಮರುಮದುವೆಯನ್ನು ಕಥೆ ಮಾಡಿತು. ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ 1929ರಲ್ಲಿ ಬಂತು. ಎಂ.ಕೆ. ಇಂದಿರಾ ತಮ್ಮ ಮನೆತನದಲ್ಲೇ ಬಾಳಿಹೋದ ಬಾಲವಿಧವೆಯೊಬ್ಬರ ಬದುಕನ್ನು 1976ರಲ್ಲಿ ‘ಫಣಿಯಮ್ಮ’ನಾಗಿ ಬರೆದರು, ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು ಎಂದು ಕರ್ನಾಟಕ ತನ್ನದೇ ತಿದ್ದುಪಡಿಯಲ್ಲಿ ಸಾರಿತು. ಇಷ್ಟಾಗಿಯೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. ಹಿಂದಿನ ಸಮೀಕ್ಷೆಗೂ ಇದಕ್ಕೂ ಹೆಚ್ಚುಕಡಿಮೆ ವ್ಯತ್ಯಾಸವೇ ಇಲ್ಲ.

‘ಫಣಿಯಮ್ಮ’ನನ್ನು ಓದಿದವರು ಆಕೆಯ ತಾಳ್ಮೆಯನ್ನು ಕೊಂಡಾಡಿದರು, ಆಕೆಯ ಮನಸ್ಸಿನ ದೊಡ್ಡತನಕ್ಕೆ ಕೈಮುಗಿದರು. ಆ ತಾಳ್ಮೆಯನ್ನು ಆಕೆಯಿಂದ ಹಿಂಡಿ ತೆಗೆದವರು ಯಾರೆಂದು ಕೇಳಿದವರು ಕಡಿಮೆ. ನೊಂದವರ ಸಹನೆಯನ್ನು ಹೊಗಳುವುದು ನೋಯಿಸಿದವರಿಗೆ ಮಾಫಿ ಕೊಡುವ ಸುಲಭದ ದಾರಿ. ಇಂದಿಗೂ ಮಗಳ ಮದುವೆಯಲ್ಲಿ ಹೆತ್ತ ತಾಯಿಯೇ ವಿಧವೆಯೆಂಬ ಕಾರಣಕ್ಕೆ ಹಿಂದೆ ಸರಿದು ನಿಲ್ಲುತ್ತಾಳೆ. ಅಕ್ಷತೆ ಹಿಡಿದು ಸುತ್ತ ನಿಂತ ವಿದ್ಯಾವಂತರೆಲ್ಲ ನೋಡುತ್ತಾರೆ. ಬನ್ನಿ, ನೀವೇ ಮೊದಲು ಅಕ್ಷತೆ ಹಾಕಿ ಎಂದು ಆಕೆಯ ಕೈಹಿಡಿದು ಕರೆತರಲು ಯಾವ ಕಾಯ್ದೆಯೂ ಬೇಕಿಲ್ಲ, ಒಂದಿಷ್ಟು ಬೆನ್ನೆಲುಬು ಬೇಕು.

ಮಲ ಹೊರುವ ಪದ್ಧತಿಯ ಕಥೆಯೂ ಹೀಗೆಯೇ. ಕುವೆಂಪು ‘ಜಲಗಾರ’ ನಾಟಕದಲ್ಲಿ ಶಿವನನ್ನೇ ಜಾಡಮಾಲಿಯ ರೂಪದಲ್ಲಿ ತಂದು ನಿಲ್ಲಿಸಿದರು, ಅದು 1928. ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿ 1970ರ ದಶಕದ ಆರಂಭದಲ್ಲೇ ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಲ್ಲಿಸಲು ಆಜ್ಞೆ ಮಾಡಿದರು. ಕೇಂದ್ರದ ಕಾಯ್ದೆಗಳು 1993ರಲ್ಲಿ ಒಮ್ಮೆ, 2013ರಲ್ಲಿ ಮತ್ತೊಮ್ಮೆ ಬಂದವು. ಈ ನಡುವೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಾವಿದ್ದ ಮನೆಗಳಿಂದ ಎಬ್ಬಿಸುವುದನ್ನು ವಿರೋಧಿಸಿ ಪುರಸಭೆ ಕಚೇರಿಯ ಮುಂದೆ ಮಲವನ್ನು ಮೈಮೇಲೆ ಸುರಿದುಕೊಂಡರು. ಬೇರೆ ಯಾವ ಭಾಷೆಯಲ್ಲಿ ಹೇಳಿದರೂ ನಾವು ಕೇಳಿಸಿಕೊಳ್ಳಲಿಲ್ಲವೆಂದು ಅವರು ಆ ಭಾಷೆಯಲ್ಲಿ ಹೇಳಬೇಕಾಯಿತು. ಒಳಚರಂಡಿಗೆ ಇಳಿದು ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ. ಇಂಥ ಆದೇಶ ಇನ್ನೂ ಬೇಕಾಗುತ್ತಿದೆಯೆಂಬುದೇ ನಾಚಿಕೆಗೇಡು. ನಮ್ಮ ಅಪಾರ್ಟ್‌ಮೆಂಟಿನ ಗುಂಡಿ ಕಟ್ಟಿಕೊಂಡಾಗ ಫೋನ್ ಮಾಡಿ ಕರೆಸುವವರು ನಾವೇ. ಕಟ್ಟಿಕೊಂಡ ಗುಂಡಿಯೊಳಕ್ಕೆ ಮನುಷ್ಯ ಇಳಿಯುತ್ತಾನೋ ಯಂತ್ರ ಇಳಿಯುತ್ತದೋ ಎಂದು ಕೇಳದೆ ಹಣ ಕೊಟ್ಟು ಕದ ಹಾಕಿಕೊಳ್ಳುವವರೂ ನಾವೇ.

ಐದನೆಯದು ಎಲ್ಲಕ್ಕಿಂತ ಕೆಟ್ಟದ್ದು. ನೋವನ್ನು ಪುಸ್ತಕದಲ್ಲಿ ಪ್ರೀತಿಸುವವರು, ನೊಂದವರೇ ಎದ್ದು ಮಾತಾಡಿದಾಗ ಸಿಟ್ಟಾಗುತ್ತಾರೆ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಇದೇ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ನಾಡು ಹೊತ್ತಿಕೊಂಡಿತು. ಶಾಲೆ ಕಾಲೇಜುಗಳ ಹುಡುಗರು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಬಸವಲಿಂಗಪ್ಪನವರು ಮಂತ್ರಿಗಿರಿ ಕಳೆದುಕೊಂಡರು. ಮಲದ ಬುಟ್ಟಿಯನ್ನು ಜನರ ತಲೆಯಿಂದ ಇಳಿಸಿದ ಮನುಷ್ಯನಿಗೆ ನಾವು ಕೊಟ್ಟ ಬಹುಮಾನ ಅದು. ತಲೆಯ ಮೇಲೆ ಮಲ ಹೊತ್ತಾಗ ಬಾರದ ಸಿಟ್ಟು, ಸಾಹಿತ್ಯದ ಬಗ್ಗೆ ಒಂದು ಕಟುಮಾತು ಬಂದಾಗ ಬಂತು. ಆ ಮಾತಿನಲ್ಲಿ ಸತ್ಯವಿದೆಯೆಂದು ಒಪ್ಪಿದ ದೊಡ್ಡ ಲೇಖಕರು ಬೆರಳೆಣಿಕೆಯಷ್ಟು, ಕುವೆಂಪು ಅವರಲ್ಲೊಬ್ಬರು.

ಮತ್ತೆ 1979ರಲ್ಲಿ, ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೊಂದು ಗೋಷ್ಠಿ ಬೇಕೆಂದು ಕೇಳಿದಾಗ ಸಿಗಲಿಲ್ಲ. ಅದರಿಂದಲೇ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಅಂದು ಗೋಷ್ಠಿ ನಿರಾಕರಿಸಿದ ಸಂಸ್ಕೃತಿಯೇ ಇಂದು ದಲಿತ ಬರಹಗಾರರಿಗೆ ಶಾಲು ಹೊದಿಸುತ್ತದೆ, ಪಠ್ಯದಲ್ಲಿ ಸೇರಿಸುತ್ತದೆ. ಸಿದ್ಧಲಿಂಗಯ್ಯನವರ ಕವಿತೆಗಳು ಬೀದಿಯಿಂದ ತರಗತಿಗೆ ಬಂದಿವೆ, ದೇವನೂರ ಮಹಾದೇವರ ‘ಕುಸುಮಬಾಲೆ’ಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಒಳ್ಳೆಯದೇ. ಆದರೆ ಅವರ ಸಿಟ್ಟನ್ನು ಶೈಲಿಯೆಂದು ಮೆಚ್ಚಿ, ಆ ಸಿಟ್ಟಿಗೆ ಕಾರಣವಾದ ಊರನ್ನು ಹಾಗೇ ಬಿಡುವುದು ಹಳೆಯ ತಿರಸ್ಕಾರಕ್ಕಿಂತ ಹೆಚ್ಚು ಅಪಾಯಕಾರಿ. ತಿರಸ್ಕಾರವನ್ನು ಎದುರಿಸಬಹುದು. ಚಪ್ಪಾಳೆಯನ್ನು ಎದುರಿಸುವುದು ಹೇಗೆ?

ಇದಕ್ಕೆ ಬರುವ ಒಂದು ಉತ್ತರ ನನಗೆ ಗೊತ್ತು. ಸಾಹಿತ್ಯದ ಕೆಲಸ ಜಮೀನು ಹಂಚುವುದಲ್ಲ, ಮನಸ್ಸನ್ನು ಹದ ಮಾಡುವುದು ಎನ್ನುತ್ತಾರೆ. ನಿಜ. ಕಾರಂತರು ಕಾದಂಬರಿಕಾರರಾಗಿ ಮಾಡಬೇಕಾದದ್ದನ್ನು ಮಾಡಿದರು. ಪುಸ್ತಕದ ಮೇಲೆ ನನ್ನ ದೂರಿಲ್ಲ. ಆದರೆ ಹದವಾದ ಮನಸ್ಸು ಎಲ್ಲಿಯಾದರೂ ಕಾಣಿಸಬೇಕಲ್ಲ? ಗ್ರಾಮಸಭೆಯಲ್ಲಿ, ಶಾಲೆಯ ಎಸ್‌ಡಿಎಂಸಿಯಲ್ಲಿ, ಮದುವೆಯ ಮಾತುಕತೆಯಲ್ಲಿ, ಕೋರ್ಟಿನ ಸಾಕ್ಷಿಕಟ್ಟೆಯಲ್ಲಿ ಕಾಣಿಸದ ಹದವನ್ನು ಹದವೆಂದು ನಂಬುವುದು ಹೇಗೆ? ಇನ್ನೊಂದು ಉತ್ತರ, ಎಷ್ಟೋ ಬದಲಾಗಿದೆ ಎಂಬುದು. ಅದೂ ನಿಜ. ಬದಲಾದದ್ದೆಲ್ಲ ಯಾರಿಂದ ಬದಲಾಯಿತೆಂದು ಕೇಳಿ ನೋಡಿ. ಭದ್ರಾವತಿಯಲ್ಲಿ ಪ್ರೊ. ಬಿ. ಕೃಷ್ಣಪ್ಪನವರಂಥವರು ಕಟ್ಟಿದ ದಲಿತ ಸಂಘರ್ಷ ಸಮಿತಿಯಿಂದ, ಭೂನ್ಯಾಯ ಮಂಡಳಿಯ ಮುಂದೆ ಧಣಿಯನ್ನು ಎದುರುಹಾಕಿಕೊಂಡ ಗೇಣಿದಾರನಿಂದ, ಹಾಸ್ಟೆಲಿನ ಅನ್ನ ಉಂಡು ಓದಿದ ಹುಡುಗ ಹುಡುಗಿಯರಿಂದ. ಕೂತು ಮರುಗಿದವರಿಂದ ಏನೂ ಬದಲಾಗಲಿಲ್ಲ.

ಓದಿದವರು ಎದ್ದುನಿಂತದ್ದೂ ಉಂಟು. ಮಂಗಳೂರಿನ ಕುದ್ಮುಲ್ ರಂಗರಾಯರು ವಕೀಲರು, ಸಾರಸ್ವತ ಬ್ರಾಹ್ಮಣರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು, ದಲಿತ ಮಕ್ಕಳಿಗೆ ಶಾಲೆ ತೆರೆದರು. ಸ್ವಜಾತಿಯವರು ಬಹಿಷ್ಕಾರ ಹಾಕಿದರು. ಅವರು ಹೆಜ್ಜೆ ಹಿಂದೆಗೆಯಲಿಲ್ಲ. ಮಗಳು ರಾಧಾಬಾಯಿಯವರ ಮದುವೆ ಜಾತಿ ಮೀರಿ ಪಿ. ಸುಬ್ಬರಾಯನ್ ಅವರೊಂದಿಗೆ ನಡೆಯಿತು. ಇಂದು ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. ಆ ಸಭಾಂಗಣದಲ್ಲಿ ಕಾರ್ಯಕ್ರಮ ಮಾಡುವವರಲ್ಲಿ ಅವರ ದಾರಿಯಲ್ಲಿ ನಾಲ್ಕು ಹೆಜ್ಜೆ ಇಟ್ಟವರು ಎಷ್ಟು ಮಂದಿ?

ಎದ್ದುನಿಲ್ಲುವುದರಿಂದ ಆಗುವ ವ್ಯತ್ಯಾಸ ತಿಳಿಯಬೇಕಾದರೆ ಎರಡು ಊರುಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 2000ದ ಮಾರ್ಚ್‌ನಲ್ಲಿ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು. ಏಳು ಜೀವಗಳು ಹೋದದ್ದು ನಿಜ, ಕೊಂದವರು ಮಾತ್ರ ಕಾನೂನಿನ ಕಣ್ಣಿಗೆ ಕಾಣಲಿಲ್ಲ. 2014ರ ಆಗಸ್ಟ್‌ನಲ್ಲಿ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ ಕ್ಷೌರದಂಗಡಿ, ಹೋಟೆಲು ಪ್ರವೇಶದ ಜಗಳದ ಹಿನ್ನೆಲೆಯಲ್ಲಿ ದಲಿತರ ಮೇಲೆ ದಾಳಿಯಾಯಿತು, ಗುಡಿಸಲುಗಳಿಗೆ ಬೆಂಕಿ ಬಿತ್ತು. ಹತ್ತು ವರ್ಷ ಪ್ರಕರಣ ನಡೆಯಿತು. 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಜಿಲ್ಲಾ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಹೆಚ್ಚಿನವರಿಗೆ ಮರುತಿಂಗಳೇ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಮೇಲ್ಮನವಿಯ ದಾರಿ ಬೇರೆ. ಆದರೂ ಇಂಥ ಪ್ರಕರಣ ತೀರ್ಪಿನವರೆಗೆ ಮುಟ್ಟಿತೆಂದರೆ ಅದರ ಹಿಂದೆ ಹೆದರದೆ ಕೋರ್ಟಿನಲ್ಲಿ ಹೇಳಿಕೆ ಕೊಟ್ಟವರಿದ್ದಾರೆ, ಅವರ ಬೆನ್ನಿಗೆ ನಿಂತವರಿದ್ದಾರೆ. ಸಾಕ್ಷಿ ಹೇಳುವವನು ಮರಳಿ ಹೋಗಬೇಕಾದದ್ದು ಅದೇ ಊರಿಗೆ, ಕೂಲಿ ಕೇಳಬೇಕಾದದ್ದು ಅದೇ ಮನೆಗಳಲ್ಲಿ. ಅವನಿಗೆ ಬೇಕಾದದ್ದು ವಕೀಲ, ಹಣ, ಜೊತೆಗೆ ಬರುವ ನಾಲ್ಕು ಜನ. ಅಂಥ ನಾಲ್ಕು ಜನರಲ್ಲಿ ಒಬ್ಬರಾಗದ ಓದುಗರು ತಮ್ಮ ಸಂವೇದನೆಯ ಬಗ್ಗೆ ಮಾತಾಡಬಾರದು.

ಆದ್ದರಿಂದ ಬಿಡಿಸಿ ಹೇಳುತ್ತೇನೆ. ‘ಚೋಮನ ದುಡಿ’ ಪಾಠ ಮಾಡುವ ಮೇಷ್ಟ್ರೇ, ಆ ಪಾಠ ಮುಗಿಯುವುದರೊಳಗೆ ನಿಮ್ಮ ವಿದ್ಯಾರ್ಥಿಗಳಿಂದ ಅವರವರ ಊರಿನ ನಕ್ಷೆ ಬರೆಸಿ. ನೀರಿನ ತೊಂಬೆ ಎಲ್ಲಿದೆ, ಗುಡಿಯೊಳಗೆ ಯಾರು ಹೋಗುತ್ತಾರೆ, ಕ್ಷೌರ ಯಾರಿಗಿಲ್ಲ, ಯಾವ ಕೇರಿಗೆ ಸ್ಮಶಾನವಿಲ್ಲ ಎಂದು ಗುರುತು ಹಾಕಿಸಿ. ಆ ನಕ್ಷೆಯನ್ನು ತಾಲ್ಲೂಕು ಕಚೇರಿಗೆ ಮುಟ್ಟಿಸುವ ಜವಾಬ್ದಾರಿ ಮಕ್ಕಳ ಮೇಲೆ ಹಾಕದೆ ನೀವೇ ಹೊತ್ತುಕೊಳ್ಳಿ. ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳೇ, ಬಳಗಗಳೇ, ಜಯಂತಿಯ ಹಾರಕ್ಕೆ, ಶಾಮಿಯಾನಕ್ಕೆ ಖರ್ಚು ಮಾಡುವ ಹಣದಲ್ಲಿ ಹೋಬಳಿಯ ದಲಿತರಿಗೆ ಮಂಜೂರಾದ ಜಮೀನುಗಳ ಪಹಣಿ ತೆಗೆಸಿ. ಪರಭಾರೆಯಾದವಕ್ಕೆ ಅರ್ಜಿ ಬರೆದುಕೊಡಿ, ಉಪವಿಭಾಗಾಧಿಕಾರಿಯ ಮುಂದೆ ಅರ್ಜಿದಾರನ ಪಕ್ಕದಲ್ಲಿ ನಿಲ್ಲಿ. ಬರೆಯುವವರೇ, ನೊಂದವರ ಬದುಕನ್ನು ಕಥೆಗೆ ತಂದಿದ್ದರೆ ಆ ಊರಿಗೆ ಮರಳಿ ಹೋಗಿ. ಕಥೆಗೆ ಬಹುಮಾನ ಬಂದ ಮೇಲೆ ಅಲ್ಲಿ ಏನಾದರೂ ಬದಲಾಗಿದೆಯೇ ಎಂದು ಕೇಳಿ, ಬದಲಾಗದಿದ್ದರೆ ಅದನ್ನೂ ಹೆಸರು ಹಿಡಿದು ಬರೆಯಿರಿ. ವಕೀಲರೇ, ಅಧಿಕಾರಿಗಳೇ, ಶಾಲೆಯಲ್ಲಿ ನೀವೂ ಇದೇ ಪಾಠಗಳನ್ನು ಓದಿದ್ದೀರಿ. ಕಡತ ನಿಮ್ಮ ಮೇಜಿನ ಮೇಲಿದೆ.

ಮನೆಗಳಲ್ಲಿ ಆಗಬೇಕಾದದ್ದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಬೇರೆ ಲೋಟವನ್ನು ಎತ್ತಿ ಎಸೆಯಿರಿ. ಬಾಡಿಗೆಗೆ ಬಂದವರ ಜಾತಿ ಕೇಳಬೇಡಿ. ಮಗಳೋ ಮಗನೋ ಜಾತಿ ಮೀರಿ ಪ್ರೀತಿಸಿದರೆ ನಾಲ್ಕು ಜನರ ಮುಂದೆ ಎದೆಯೆತ್ತಿ ಮದುವೆ ಮಾಡಿಸಿ. ವಿಧವೆಯಾದ ತಾಯಿಯ ಕೈಯಿಂದ ಮೊದಲ ಅಕ್ಷತೆ ಬೀಳಲಿ. ಚರಂಡಿಯ ಗುಂಡಿಗೆ ಮನುಷ್ಯ ಇಳಿಯುವುದಾದರೆ ನಿಮ್ಮ ಕಟ್ಟಡದ ಸಭೆಯಲ್ಲಿ ಎದ್ದುನಿಂತು ತಡೆಯಿರಿ. ಇವುಗಳಲ್ಲಿ ಯಾವುದಕ್ಕೂ ಸರ್ಕಾರದ ಅನುದಾನ ಬೇಕಿಲ್ಲ, ಸಮಿತಿ ಬೇಕಿಲ್ಲ, ಮುಹೂರ್ತ ಬೇಕಿಲ್ಲ.

ಕನ್ನಡದ ದೊಡ್ಡ ಕೃತಿಗಳು ನಮ್ಮ ಮೇಲೆ ಹೊರಿಸಿದ ಹೊಣೆ ಇಷ್ಟು. ಇದನ್ನು ಹೊರಲಾರೆವೆನ್ನುವವರು ಆ ಕೃತಿಗಳನ್ನು ಓದಬಹುದು, ಓದಿ ಮರೆಯಲೂಬಹುದು. ಆದರೆ ಅವನ್ನು ತಮ್ಮ ಪರಂಪರೆಯೆಂದು ಹೇಳಿಕೊಂಡು ಮೆರೆಯುವ ಹಕ್ಕು ಅವರಿಗಿಲ್ಲ. ಆ ಪರಂಪರೆ ತೊಂಬೆಯ ನೀರು ಕುಡಿದು ಅವಮಾನ ಉಂಡವರದ್ದು, ಗೇಣಿ ಕೇಳಿ ಬರಿಗೈಯಲ್ಲಿ ಮರಳಿದವರದ್ದು, ಹೆದರದೆ ಸಾಕ್ಷಿ ಹೇಳಿದವರದ್ದು. ಅದರಲ್ಲಿ ಪಾಲು ಬೇಕಾದವರು ಮೊದಲು ಅವರ ಪಕ್ಕಕ್ಕೆ ಬಂದು ನಿಲ್ಲಲಿ.